ಸಂಬಳದ ಚೀಟಿ ಇಲ್ಲದವಳ ಜೊತೆ ಐರ್ಲೆಂಡಿಗೆ

ಡೊಂಬಿವಲಿ ಪೂರ್ವ

ಐರ್ಲೆಂಡಿಗೆ ಹೋಗುತ್ತಿದ್ದೇವೆ ಎಂದು ತಿಳಿದಾಗ ನಮ್ಮ ಹೌಸಿಂಗ್ ಸೊಸೈಟಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: "ಮಗಳು ಅಲ್ಲಿದ್ದಾಳಾ?" ಇಲ್ಲ. ಮಗಳು ಇಲ್ಲೇ ಇದ್ದಾಳೆ, ಠಾಣೆಯಲ್ಲಿ ಲಾ ಓದುತ್ತಾಳೆ. ಹೊರಟದ್ದು ಅವಳ ಅಮ್ಮ, ಕೆಲಸ ನೋಡಿಕೊಂಡು ಬರಲು. ನಾನು ಪೆಟ್ಟಿಗೆ ಎಳೆಯಲು. ಐವತ್ತು ದಾಟಿದ ಹೆಂಗಸು ಕೆಲಸಕ್ಕಾಗಿ ಫಾರಿನ್ನಿಗೆ ಹೊರಟಿದ್ದಾಳೆ ಎಂಬುದು ಲಿಫ್ಟು ನಾಲ್ಕನೇ ಮಾಳಿಗೆ ಮುಟ್ಟುವುದರೊಳಗೆ ಹೇಳಿ ಮುಗಿಸುವ ವಿಷಯವಲ್ಲ. "ಹೀಗೇ, ತಿರುಗಾಡಲಿಕ್ಕೆ" ಎಂದುಬಿಟ್ಟೆ.

ನನ್ನ ಹೆಂಡತಿ ಸುಮನಾ ಅರಿವಳಿಕೆ ಡಾಕ್ಟರು. ಅವಳಿಗೆ ಸ್ವಂತ ಆಸ್ಪತ್ರೆಯಿಲ್ಲ, ಬಾಗಿಲ ಮೇಲೆ ಬೋರ್ಡಿಲ್ಲ. ಡೊಂಬಿವಲಿ, ಕಲ್ಯಾಣ, ವಿಠ್ಠಲವಾಡಿಗಳ ಸಣ್ಣ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಆಪರೇಶನ್ ಇದ್ದರೆ ಫೋನ್ ಬರುತ್ತದೆ. ಅವಳು ತನ್ನ ಚೀಲ ಹಿಡಿದು ಸ್ಕೂಟರಿನಲ್ಲಿ ಹೋಗುತ್ತಾಳೆ. ಸರ್ಜನ್ ಬರುವ ಮೊದಲು ಅಲ್ಲಿರಬೇಕು, ಸರ್ಜನ್ ಹೋದ ಮೇಲೂ ಇರಬೇಕು. ರೋಗಿ ಕಣ್ಣು ಬಿಟ್ಟು ತನ್ನ ಹೆಸರು ಹೇಳುವ ತನಕ. ಆ ರೋಗಿಗೆ ಇವಳ ಹೆಸರು ಮಾತ್ರ ಗೊತ್ತಿರುವುದಿಲ್ಲ. ಮರಾಠಿಯಲ್ಲಿ ಇವಳು "ಭೂಲ್ ದೇಣಾರ‍್ಯಾ ಬಾಈ", ಮರವೆ ಕೊಡುವ ಹೆಂಗಸು. ಮರವೆ ಕೊಟ್ಟವಳನ್ನೇ ಜನ ಮೊದಲು ಮರೆಯುತ್ತಾರೆ.

ದುಡ್ಡು ರೋಗಿಯಿಂದ ಬರುವುದಿಲ್ಲ, ಸರ್ಜನ್ನಿನಿಂದ ಬರುತ್ತದೆ. ಅದಕ್ಕೊಂದು ಶಾಸ್ತ್ರವಿದೆ. ಕೇಸು ಮುಗಿದ ಮೇಲೆ ಸರ್ಜನ್ "ಮ್ಯಾಡಮ್, ಕಿತೀ?" ಎನ್ನುತ್ತಾರೆ, ಎಷ್ಟು ಕೊಡಲಿ ಎಂದು. ಇವಳು "ತುಮ್ಹೀಚ್ ಬಘಾ ಡಾಕ್ಟರ್", ನೀವೇ ನೋಡಿ ಎನ್ನಬೇಕು. ಆಗ ಅವರು ಲಕೋಟೆ ಕೊಡುತ್ತಾರೆ. ಗಮನಿಸಬೇಕಾದ್ದೆಂದರೆ, ಪ್ರಶ್ನೆ ಕೇಳುವಾಗಲೇ ಅಂಟು ಹಚ್ಚಿದ ಲಕೋಟೆ ಅವರ ಕೈಯಲ್ಲಿರುತ್ತದೆ. ಇಷ್ಟು ಎಂದು ಬಾಯಿಬಿಟ್ಟು ಹೇಳಿದವರಿಗೆ ಮುಂದಿನ ಫೋನ್ ಬರುವುದಿಲ್ಲ ಎಂಬುದು ಆ ವೃತ್ತಿಯವರ ನಂಬಿಕೆ. ಹೇಳಿ ನೋಡಿದವರು ಯಾರೂ ಇಲ್ಲದ್ದರಿಂದ ನಿಜವೋ ಸುಳ್ಳೋ ಗೊತ್ತಿಲ್ಲ.

ಇನ್ನು ನಾನು. ತುರ್ಭೆಯ ಒಂದು ಕಂಪನಿಯಲ್ಲಿ ಸಂಬಳ ವಿಭಾಗದಲ್ಲಿದ್ದೇನೆ. ಡೊಂಬಿವಲಿಯಿಂದ ಲೋಕಲ್ ರೈಲಿನಲ್ಲಿ ಠಾಣೆ, ಅಲ್ಲಿ ಗಾಡಿ ಬದಲಿಸಿ ಕೋಪರಖೈರಣೆ ಮೇಲೆ ತುರ್ಭೆ. ಹೋಗಿ ಇಡೀ ದಿನ ಬೇರೆಯವರ ಸಂಬಳದ ಚೀಟಿ ತಯಾರಿಸುವುದು. ವಾಚ್‌ಮನ್‌ನಿಂದ ಹಿಡಿದು ಡೈರೆಕ್ಟರ್ ತನಕ ಎಲ್ಲರಿಗೂ ನನ್ನ ಕೈಯಿಂದ ಚೀಟಿ ಹೋಗಿದೆ. ಮನೆಯ ಡಾಕ್ಟರಿಗೆ ಮಾತ್ರ ಚೀಟಿ ಇಲ್ಲ ಎಂಬುದು ಇಪ್ಪತ್ತು ಚಿಲ್ಲರೆ ವರ್ಷದಲ್ಲಿ ಒಮ್ಮೆಯೂ ನನಗೆ ಹೊಳೆದಿರಲಿಲ್ಲ.

ಹೊಳೆದದ್ದು ಅವಳಿಗೆ. ಹೊಸ ಹೊಸ ಹುಡುಗ ಹುಡುಗಿಯರು ಓದು ಮುಗಿಸಿ ಕಲ್ಯಾಣದ ಹೊಸ ಟವರುಗಳಲ್ಲಿ ಮನೆ ಮಾಡಿದಂತೆ ಇವಳ ಫೋನ್ ಸ್ವಲ್ಪ ಸ್ವಲ್ಪವೇ ಮೌನವಾಯಿತು. ನಮ್ಮಲ್ಲಿ ಫ್ರೀಲಾನ್ಸ್ ಡಾಕ್ಟರ ಗಳಿಕೆ ಉಬ್ಬು ಇರುವ ರಸ್ತೆಯ ಹಾಗೆ: ಶುರುವಿನಲ್ಲಿ ಹೊಂಡ, ನಡುವೆ ಒಂದು ಏರು, ಐವತ್ತರ ಮೇಲೆ ಮತ್ತೆ ಇಳಿಜಾರು. ಇಳಿಯುತ್ತಿದ್ದೇವೆ ಎಂದು ಗೊತ್ತಾಗುವಾಗ ಸ್ಕೂಟರ್ ಆಗಲೇ ಕೆಳಗಿರುತ್ತದೆ. ಒಂದು ಭಾನುವಾರ ಗಂಜಿಗೆ ಉಪ್ಪಿನಕಾಯಿ ಹಾಕಿಕೊಳ್ಳುತ್ತ ಅವಳು ಹೇಳಿದಳು: "ನೋಡಿ, ಐರ್ಲೆಂಡಿನ ಪರೀಕ್ಷೆ ಪಾಸಾಯ್ತು."

ನಾನು ಚಮಚ ಕೆಳಗಿಟ್ಟೆ. "ಯಾವಾಗ ಓದಿದ್ದು?"

"ನೀವು ನ್ಯೂಸ್ ನೋಡುವಾಗ. ನಾನು ಟ್ಯಾಬಿನಲ್ಲಿ ಸೀರಿಯಲ್ ನೋಡ್ತೇನೆ ಅಂತ ಗ್ರಹಿಸಿದ್ದೀರಲ್ಲ, ಆಗ."

"ಎಂತಕ್ಕೆ ಮಾರಾಯ್ತಿ, ಇಲ್ಲಿ ಎಂತ ಕಡಿಮೆಯಾಗಿದೆ?"

"ಕಡಿಮೆಯೋ ಜಾಸ್ತಿಯೋ ಅಂತಲೇ ಗೊತ್ತಿಲ್ಲವಲ್ಲ, ಅದಕ್ಕೇ. ಒಂದು ಸಲ, ಒಂದೇ ಸಲ, ಈ ತಿಂಗಳು ನನ್ನ ಸಂಬಳ ಎಷ್ಟು ಅಂತ ನನಗೆ ಮೊದಲೇ ಗೊತ್ತಿರಬೇಕು. ಅಷ್ಟೇ ಆಸೆ."

ಪಕ್ಕದ ಕೋಣೆಯಿಂದ ಮಗಳು ಕೂಗಿದಳು, "ಪಪ್ಪಾ, ಮಮ್ಮೀ ಕೋ ಜಾನೇ ದೋ ನಾ!" ಮಮ್ಮಿಯನ್ನು ಹೋಗಲು ಬಿಡಿ ಎಂದು. ಮಗಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ತೀರ್ಪು ಮಾತ್ರ ಹಿಂದಿಯಲ್ಲಿ ಬರುತ್ತದೆ.

ಹುಬ್ಬಳ್ಳಿಯಲ್ಲಿ ಸುಮನಾಳ ಜೊತೆ ಓದಿದ ಪ್ರಮೀಳಾ ಎಂಬ ಗೆಳತಿ ಐರ್ಲೆಂಡಿನ ಪಶ್ಚಿಮ ಕಡಲ ದಂಡೆಯ ಒಂದು ಸಣ್ಣ ಊರಲ್ಲಿ ಕನ್ಸಲ್ಟೆಂಟ್, ಅಂದರೆ ಅಲ್ಲಿನ ದೊಡ್ಡ ಡಾಕ್ಟರು. ಅವಳ ವಿಭಾಗದಲ್ಲಿ ರಿಜಿಸ್ಟ್ರಾರ್ ಜಾಗ ಖಾಲಿ ಇತ್ತು. ಬಂದು ಕೆಲವು ದಿನ ನೋಡು, ಮಾತಾಡು, ಮನಸ್ಸಾದರೆ ಸೇರು ಎಂದಿದ್ದಳು. ರಿಜಿಸ್ಟ್ರಾರ್ ಎಂದರೆ ಮಧ್ಯದ ಹಂತ. ಸಾಮಾನ್ಯವಾಗಿ ಮೂವತ್ತರ ಆಸುಪಾಸಿನವರು ಇರುವ ಜಾಗ. ಇವಳು ಸೇರಿದರೆ ನಾನು ಕೆಲಸ ಬಿಟ್ಟು ಜೊತೆಗೆ ಹೋಗಬೇಕು. ಆಗ ವೀಸಾ ಕಾಗದದಲ್ಲಿ ನನಗೆ ಬರುವ ಹೆಸರು "ಡಿಪೆಂಡೆಂಟ್", ಹೆಂಡತಿಯ ಆಸರೆಯಲ್ಲಿ ಇರುವವನು. ಆ ಶಬ್ದ ಓದಿದ ದಿನದಿಂದ ನನಗೆ ಸರಿಯಾಗಿ ಹಸಿವಾಗಲಿಲ್ಲ.

ವಿಮಾನ

ಚಿಂತೆ ಮಾಡುವವನಿಗೆ ವಿಮಾನ ಒಳ್ಳೆಯ ಜಾಗ. ಎದ್ದು ಹೋಗಲಿಕ್ಕಿಲ್ಲ, ಪೂರ್ತಿ ಗಮನ ಕೊಡಬಹುದು. ನಾನು ರೆಕ್ಕೆಯ ಸ್ಕ್ರೂಗಳ ಬಗ್ಗೆ ಯೋಚಿಸುತ್ತಿದ್ದಾಗ ನಿಜವಾದ ಅನಾಹುತ ಕೆಳಗೆ ಸಾಮಾನಿನ ಕೋಣೆಯಲ್ಲಿ ನಡೆಯುತ್ತಿತ್ತು. ಪ್ರಮೀಳಾಳಿಗೆಂದು ಒಯ್ದ ಮಿಡಿ ಉಪ್ಪಿನಕಾಯಿಯ ಬಾಟಲಿಯನ್ನು ನಾನೇ ಮೂರು ಪ್ಲಾಸ್ಟಿಕ್ ಕಟ್ಟಿ ಸುಮನಾಳ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ನನ್ನ ಪೆಟ್ಟಿಗೆಯಲ್ಲಿ ಒಗೆದ ಅಂಗಿಗಳಿದ್ದವು, ಕಲೆಯಾದರೆ ಎಂದು. ಅವಳದರಲ್ಲಿ ಪ್ರಮಾಣಪತ್ರಗಳಿದ್ದವು.

ಊರು ತಲುಪಿ ಪೆಟ್ಟಿಗೆ ತೆರೆದಾಗ ಬಾಟಲಿ ಸೋರಿತ್ತು, ಎಂಬಿಬಿಎಸ್ ಪಾರಾಗಿತ್ತು. ಎಂಡಿ ಮಾತ್ರ ಒಂದು ಮೂಲೆಯಲ್ಲಿ ಎಣ್ಣೆ ಕುಡಿದು ಪಾರದರ್ಶಕವಾಗಿತ್ತು. ಸುಮನಾ ನನ್ನನ್ನು ನೋಡಿದಳು. ಎಂಡಿಯನ್ನು ಎರಡು ಬೆರಳಲ್ಲಿ ಎತ್ತಿ ಕಿಟಕಿಯ ಹತ್ತಿರ ಒಣಗಲು ಇಟ್ಟಳು.

ಪ್ರಮೀಳಾಳ ಮನೆ

"ಬರ್ರಿ ಭಾವಾರ! ಉಪ್ಪಿನಕಾಯಿ ವಾಸನಿ ಬಾಗಲದಾಗಽ ಬಂತು. ಅರ್ಧರ ಉಳದೈತೋ ಇಲ್ಲೋ?" ಪ್ರಮೀಳಾ ಇಪ್ಪತ್ತು ವರ್ಷದಿಂದ ಆ ದೇಶದಲ್ಲಿದ್ದಾಳೆ. ಇಂಗ್ಲಿಷಿಗೆ ಐರಿಶ್ ರಾಗ ಹತ್ತಿದೆ. ಕನ್ನಡ ಮಾತ್ರ ಹುಬ್ಬಳ್ಳಿ ಬಿಟ್ಟು ಒಂದು ಹೆಜ್ಜೆ ಹೊರಗೆ ಇಟ್ಟಿಲ್ಲ.

ಬೇಸಿಗೆ. ಸೂರ್ಯನಿಗೆ ಮುಳುಗುವ ಮನಸ್ಸೇ ಇಲ್ಲ. ರಾತ್ರಿಯೂಟ ಹಗಲಲ್ಲೇ ಮಾಡಿ ಏಳುವುದು ನನಗೆ ಗ್ರಹಣದ ದಿನ ಉಂಡ ಹಾಗೆ ಅನಿಸುತ್ತಿತ್ತು. ಮೊದಲ ಸಂಜೆಯೇ ಪ್ರಮೀಳಾ ಆಸ್ಪತ್ರೆಯ ಹಿರಿಯ ಸರ್ಜನ್ ಒಬ್ಬರನ್ನು ಹೆಂಡತಿಯ ಸಮೇತ ಊಟಕ್ಕೆ ಕರೆದಿದ್ದಳು. ಎತ್ತರದ ಮನುಷ್ಯ, ಕೆಂಪು ಮುಖ, ತುಂಬ ಮರ್ಯಾದಸ್ತ. ಮಳೆಯ ಬಗ್ಗೆ ಮಾತಾಡಿದರು. ಮಳೆ ಇಲ್ಲದಿದ್ದುದರ ಬಗ್ಗೆ ಮಾತಾಡಿದರು. ನಾಳೆ ಬರಬಹುದಾದ ಮಳೆಯ ಬಗ್ಗೆಯೂ ಆಯಿತು. ಮಾತು ನಿಂತಿತು. ಅತಿಥಿಯಾದ ನಾನು ಏನಾದರೂ ಕೇಳಬೇಕು ಎನಿಸಿ, ನಮ್ಮ ಗಾಡಿಯಲ್ಲಿ ಯಾರನ್ನಾದರೂ ಕೇಳುವ ಹಾಗೆ, ಕೇಳಿಬಿಟ್ಟೆ: "ನಿಮಗೆ ಇಲ್ಲಿ ತಿಂಗಳಿಗೆ ಎಷ್ಟು ಬರುತ್ತದೆ?"

ಫೋರ್ಕು ಬಾಯಿಗೆ ಹೋಗುವ ದಾರಿಯಲ್ಲಿ ನಿಂತಿತು. ಅವರ ಹೆಂಡತಿ ಪಲ್ಯವನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಮೇಜಿನಡಿ ಯಾರೋ ನನ್ನ ಕಾಲು ಒದ್ದರು. ಆ ಪೆಟ್ಟು ನನಗೆ ಚೆನ್ನಾಗಿ ಪರಿಚಯದ್ದು.

"ಪರವಾಗಿಲ್ಲ," ಎಂದರು ಸರ್ಜನ್ ಕೊನೆಗೆ, "ಬದುಕಿಗೆ ತೊಂದರೆಯಿಲ್ಲ." ಆಮೇಲೆ ಮತ್ತೆ ಮಳೆ.

ಅವರು ಹೋದ ಮೇಲೆ ಪ್ರಮೀಳಾ ಸೋಫಾದಲ್ಲಿ ಬಿದ್ದು ನಕ್ಕಳು. "ಭಾವಾರ, ಇವರನ್ನ ಹೆಂಡ್ತೀನೂ ಎಂದೂ ಇಷ್ಟು ನೆಟ್ಟಗ ಕೇಳಿರಲಿಕ್ಕಿಲ್ಲ ನೋಡ್ರಿ!"

ಅದರಲ್ಲಿ ನನ್ನ ತಪ್ಪೇನು? ನಮ್ಮಲ್ಲಿ ಠಾಣೆಯಲ್ಲಿ ಪಕ್ಕ ಕೂತವನು ಮುಂಬ್ರಾ ಬರುವಷ್ಟರಲ್ಲಿ ಸಂಬಳ ಕೇಳುತ್ತಾನೆ, ದಿವಾ ದಾಟುವಷ್ಟರಲ್ಲಿ ಫ್ಲ್ಯಾಟಿನ ಸ್ಕ್ವೇರ್ ಫೂಟ್. ಡೊಂಬಿವಲಿಯಲ್ಲಿ ಇಳಿಯುವಾಗ ಮಗಳಿಗೆ ಒಂದು ಜಾತಕವೂ ಸಿಕ್ಕಿರುತ್ತದೆ. ಕೇಳುವುದಕ್ಕೆ ನಾಚಿಕೆಯಿಲ್ಲ, ಹೇಳುವವನು ನಿಜ ಹೇಳುವುದಿಲ್ಲ, ಅಷ್ಟೇ. ಇಲ್ಲಿ ಉಲ್ಟಾ ಎಂದು ಮರುದಿನ ತಿಳಿಯಿತು. ಪ್ರಮೀಳಾ ಲ್ಯಾಪ್‌ಟಾಪ್ ತೆರೆದು ತೋರಿಸಿದಳು: ಸರಕಾರಿ ಆಸ್ಪತ್ರೆಯ ಯಾವ ಹಂತದ ಡಾಕ್ಟರಿಗೆ ಎಷ್ಟು ಎಂಬುದು ಜಗತ್ತಿಗೆಲ್ಲ ಕಾಣುವ ಹಾಗೆ ಇಂಟರ್‌ನೆಟ್ಟಿನಲ್ಲಿ ಹಾಕಿಟ್ಟಿದ್ದಾರೆ. ಊಟದ ಮೇಜಿನಲ್ಲಿ ಕೇಳಿದರೆ ಮಾತ್ರ ಫೋರ್ಕು ನಿಲ್ಲುತ್ತದೆ.

ಆ ಪಟ್ಟಿಯನ್ನು ನಾನು ದೇವರ ಫೋಟೋ ನೋಡುವ ಹಾಗೆ ನೋಡಿದೆ. ಮೂವತ್ತು ವರ್ಷ ಸಂಬಳ ವಿಭಾಗದಲ್ಲಿ ಸವೆದವನಿಗೆ ಮಾತ್ರ ಆ ಸೌಂದರ್ಯ ಕಾಣುತ್ತದೆ. ಕೆಳಗೆ ಇಂಟರ್ನ್, ಅದರ ಮೇಲೆ ಕಿರಿಯರು, ಮೇಲೆ ರಿಜಿಸ್ಟ್ರಾರ್, ತುದಿಯಲ್ಲಿ ಕನ್ಸಲ್ಟೆಂಟ್. ಒಂದೊಂದು ಹಂತಕ್ಕೂ ಒಳಗೆ ಮೆಟ್ಟಿಲುಗಳು. ವರ್ಷ ಕಳೆದರೆ ಒಂದು ಮೆಟ್ಟಿಲು ಮೇಲೆ, ಯಾರನ್ನೂ ಕೇಳಬೇಕಾಗಿಲ್ಲ, ಯಾರ ಮುಖವನ್ನೂ ನೋಡಬೇಕಾಗಿಲ್ಲ. ತೆರಿಗೆಗೆ ದೊಡ್ಡ ಪಾಲು ಹೋಗುತ್ತದೆ, ಮನೆ ಬಾಡಿಗೆಗೆ ಇನ್ನೊಂದು ಪಾಲು. ಆದರೂ ಮೆಟ್ಟಿಲು ಮೆಟ್ಟಿಲೇ. ಸುಮನಾ ರಿಜಿಸ್ಟ್ರಾರ್ ಸಾಲಿನ ಮೇಲೆ ಬೆರಳಿಟ್ಟು ಮೇಲಿನಿಂದ ಕೆಳಕ್ಕೆ ಇಳಿಸಿದಳು, ಮತ್ತೆ ಕೆಳಗಿನಿಂದ ಮೇಲಕ್ಕೆ. ಅವಳು ರೋಗಿಯ ನಾಡಿ ನೋಡುವಾಗಿನ ಮುಖ ಅದು.

"ನನ್ನದು ಎಲ್ಲಿ ಬರ್ತದೆ ಪ್ರಮಿ?"

"ನಿನ್ನ ಅನುಭವಕ್ಕ ತುದೀ ಮ್ಯಾಲಿಂದ ಬರಬೇಕವಾ. ನಮ್ಮ ಸಂಬಳದ ಆಫೀಸಿನಾಕಿ ಮೋರಾ ಅಂತ ಇದ್ದಾಳ, ಆಕಿ ನಿರ್ಧಾರ ಮಾಡ್ತಾಳ. ಛಲೋ ಹೆಂಗಸು."

ತುದಿಯ ಮೆಟ್ಟಿಲಿನ ಅಂಕಿಯನ್ನು ನಾನು ಮನಸ್ಸಿನಲ್ಲೇ ರೂಪಾಯಿಗೆ ಗುಣಿಸಿದೆ. ಮತ್ತೆ ಹಸಿವಾಗಲಿಲ್ಲ.

ಬಸ್ಸು ಮತ್ತು ಆಸ್ಪತ್ರೆಯ ಕ್ಯಾಂಟೀನು

ಸುಮನಾ ದಿನಾ ಪ್ರಮೀಳಾಳ ಜೊತೆ ಕಾರಿನಲ್ಲಿ ಹೋಗುತ್ತಿದ್ದಳು. ನಾನು ತಡವಾಗಿ ಎದ್ದು ಬಸ್ಸಿನಲ್ಲಿ ಹೋಗಿ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಕೂರುತ್ತಿದ್ದೆ. ಡಿಪೆಂಡೆಂಟ್ ಆಗುವುದರ ರಿಹರ್ಸಲ್.

ಆ ಊರಿನ ಬಸ್ಸಿನಲ್ಲಿ ಒಂದು ವಿಚಿತ್ರ. ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ಅಜ್ಜಿ, ಶಾಲೆಯ ಮಕ್ಕಳು, ಕಿವಿಗೆ ವಯರು ಸಿಕ್ಕಿಸಿಕೊಂಡ ಹುಡುಗರು, ಎಲ್ಲರೂ. ನಾನೂ ಹೇಳಿದೆ, ಎರಡನೇ ದಿನಕ್ಕೆ ಅಭ್ಯಾಸವಾಯಿತು. ಡೊಂಬಿವಲಿಯ ಪ್ಲ್ಯಾಟ್‌ಫಾರ್ಮಿನಲ್ಲಿ ಇಳಿದವರೆಲ್ಲ ಮೋಟರ್‌ಮ್ಯಾನ್‌ಗೆ ಥ್ಯಾಂಕ್ಸ್ ಹೇಳಿದರೆ ಗಾಡಿ ಕಲ್ಯಾಣಕ್ಕೆ ಮರುದಿನ ಮುಟ್ಟೀತು.

ಇನ್ನೊಂದು ವಿಚಿತ್ರ ರೇಡಿಯೊ. ಕ್ಯಾಂಟೀನಿನಲ್ಲಿ ಊರಿನ ಸ್ಟೇಶನ್ ಸದಾ ಹಾಡುತ್ತಿರುತ್ತದೆ. ಹಾಡು ನಿಂತು ಒಬ್ಬರು ಗಂಭೀರವಾಗಿ ಓದತೊಡಗಿದರೆ ಎಲ್ಲರ ಚಮಚ ನಿಶ್ಶಬ್ದ. ಊರಲ್ಲಿ ಯಾರು ತೀರಿಕೊಂಡರು, ಯಾರ ತಂಗಿ, ಯಾವ ಬೀದಿ, ಅಂತ್ಯಕ್ರಿಯೆ ಎಲ್ಲಿ. ಓದಿ ಮುಗಿದ ಮೇಲೆ ಮತ್ತೆ ಹಾಡು. ಸಾವನ್ನು ರೇಡಿಯೊದಲ್ಲಿ ಹೇಳುವ ಜನ ಸಂಬಳವನ್ನು ಮೇಜಿನ ಮೇಲೆ ಹೇಳುವುದಿಲ್ಲ. ನಾವು ಎರಡನ್ನೂ ಗಾಡಿಯಲ್ಲಿ ಹೇಳುತ್ತೇವೆ.

ಆ ಕ್ಯಾಂಟೀನಿನಲ್ಲೇ ನನಗೆ ಈಫಾ ಪರಿಚಯವಾದಳು. ಪ್ರಮೀಳಾಳ ಕೈಕೆಳಗಿನ ಕಿರಿಯ ಡಾಕ್ಟರು, ಅಲ್ಲೇ ಹುಟ್ಟಿ ಬೆಳೆದ ಹುಡುಗಿ. ಪ್ರಮೀಳಾಳೂ ಅದೇ ಮೇಜಿಗೆ ಬಂದು ಕೂತಿದ್ದಳು, ಸುಮನಾ ನನಗೆ ಕನ್ನಡದಲ್ಲಿ ತಾನು ಅಂದು ಬೆಳಿಗ್ಗೆ ಕಂಡದ್ದನ್ನು ಹೇಳುತ್ತಿದ್ದಳು. "ಮಾರಾಯ್ರೆ, ಇಲ್ಲಿ ಅರಿವಳಿಕೆಯವರಿಗೆ ಅಂತಲೇ ಒಬ್ಬ ನರ್ಸ್ ಉಂಟು! ಪ್ರಮಿ ಕೈ ಚಾಚುವ ಮೊದಲೇ ಟ್ಯೂಬು ಕೈಗೆ ಬರ್ತದೆ. ನಾನು ವಿಠ್ಠಲವಾಡಿಯಲ್ಲಿ ಒಂದು ಕೈಯಲ್ಲಿ ದವಡೆ ಹಿಡಿದು, ಇನ್ನೊಂದು ಕೈಯಲ್ಲಿ ಟ್ಯೂಬು ಹುಡುಕಿ, ಬಾಯಲ್ಲಿ ಆಯಾಳನ್ನು ಕೂಗ್ತೇನೆ. ಮತ್ತೆ ಗೊತ್ತುಂಟಾ, ಪ್ರಮಿ ಮುಂಚಿನ ದಿನವೇ ರೋಗಿಯ ಹತ್ತಿರ ಹೋಗಿ ತನ್ನ ಹೆಸರು ಹೇಳ್ತಾಳೆ. ಅವರೂ ನೆನಪಿಟ್ಟುಕೊಳ್ತಾರೆ!"

ನಾನು ಈಫಾಳಿಗೆ ಇಂಗ್ಲಿಷಿನಲ್ಲಿ, ನೀವು ಅದೃಷ್ಟವಂತರು, ಸ್ವಂತ ದೇಶದಲ್ಲೇ ಇಷ್ಟೆಲ್ಲ ಇದೆ ಎಂದೆ.

"ನಾನಾ?" ಎಂದಳು ಅವಳು. "ನಾನು ಮುಂದಿನ ತಿಂಗಳು ಪರ್ತ್‌ಗೆ ಹೊರಟಿದ್ದೇನೆ. ನನ್ನ ಬ್ಯಾಚಿನ ಅರ್ಧ ಜನ ಆಗಲೇ ಆಸ್ಟ್ರೇಲಿಯಾದಲ್ಲಿ. ಅಲ್ಲಿ ಸಂಬಳ ಜಾಸ್ತಿ, ಡ್ಯೂಟಿ ಕಡಿಮೆ. ಇಲ್ಲಿ ಯಾರು ಇರುತ್ತಾರೆ?"

ಯಾರು ಇರುತ್ತಾರೆಂದರೆ, ಪಕ್ಕದ ಮೇಜಿನಲ್ಲಿ ಸುಡಾನಿನವರು ಒಬ್ಬರು, ಪಾಕಿಸ್ತಾನದ ಇಬ್ಬರು, ನಮ್ಮ ಮೇಜಿನಲ್ಲಿ ಹುಬ್ಬಳ್ಳಿಯ ಪ್ರಮೀಳಾ, ಬಹುಶಃ ಡೊಂಬಿವಲಿಯ ಸುಮನಾ. ನಾನು ಪ್ರಮೀಳಾಳನ್ನು ಕೇಳಿದೆ, "ಹಾಗಾದರೆ ಆಸ್ಟ್ರೇಲಿಯಾದ ಡಾಕ್ಟರುಗಳು ಎಲ್ಲಿಗೆ ಹೋಗುತ್ತಾರೆ?"

"ಅವರು ಎಲ್ಲಿ ಹೋಗ್ತಾರ್ರಿ? ಸಮುದ್ರಕ್ಕ ಹೋಗ್ತಾರ, ಈಜಲಿಕ್ಕೆ."

ಮೋರಾ ಅವರ ಕೋಣೆ

ಸಂಬಳದ ಮಾತಿಗೆ ನನ್ನನ್ನೂ ಕರೆದರು. ಇಡೀ ಪ್ರವಾಸದಲ್ಲಿ ನಾನು ಬೆನ್ನು ನೆಟ್ಟಗೆ ಮಾಡಿ ಒಳಗೆ ಹೋದದ್ದು ಆ ಕೋಣೆಗೆ ಮಾತ್ರ. ಗೋಡೆಗೆ ಕ್ಯಾಲೆಂಡರು, ಮೇಜಿನ ಮೇಲೆ ಪಂಚಿಂಗ್ ಮಶೀನು, ಒಣಗಿದ ಒಂದು ಗಿಡ: ತುರ್ಭೆಯ ನನ್ನ ಕ್ಯಾಬಿನ್ನೇ. ನಾನೂ ಇದೇ ಕೆಲಸದವನು ಎಂದೆ. ಮೋರಾ ಅವರ ಮುಖ ಅರಳಿತು. ಬಿಳಿ ಕೂದಲಿನ, ಕೊರಳಿಗೆ ಕನ್ನಡಕ ನೇತುಹಾಕಿಕೊಂಡ ಹೆಂಗಸು. ಎಂಡಿ ಪ್ರಮಾಣಪತ್ರ ಕೈಗೆತ್ತಿಕೊಂಡು, "ಎಂಥ ಒಳ್ಳೆಯ ಪರಿಮಳ, ಏನಿದು?" ಎಂದರು. ಸುಮನಾ "ಮಾವು" ಎಂದಳು, ನನ್ನ ಕಡೆ ನೋಡದೆ.

"ಡಾಕ್ಟರ್, ನೀವು ಯಾವ ಮೆಟ್ಟಿಲಿಗೆ ಅರ್ಜಿ ಹಾಕಿದ್ದೀರಿ? ಆ ಜಾಗ ಖಾಲಿ ಬಿಟ್ಟಿದ್ದೀರಿ."

ಸುಮನಾ ಕೈ ಜೋಡಿಸುವ ಹಾಗೆ ಮಾಡಿ, ನಸುನಕ್ಕು, ಇಂಗ್ಲಿಷಿನಲ್ಲಿ ಹೇಳಿದಳು: "ನೀವೇ ನೋಡಿ. ನಿಮಗೆ ಸರಿ ಕಂಡ ಹಾಗೆ."

ನನಗೆ ಡೊಂಬಿವಲಿಯ ಆ ಕಾರಿಡಾರು, ಆ ಲಕೋಟೆ ಕಣ್ಣಿಗೆ ಬಂತು. ಮೋರಾ ಅವರಿಗೆ ಬರಲಿಲ್ಲ. ಅವರು ಕನ್ನಡಕ ಹಾಕಿಕೊಂಡರು. "ನನಗೆ ಸರಿ ಕಾಣಲು ಇಲ್ಲಿ ಏನೂ ಇಲ್ಲ. ನೀವು ಹೇಳಬೇಕು, ಆಮೇಲೆ ದಾಖಲೆ ತೋರಿಸಬೇಕು. ಖಾಲಿ ಬಿಟ್ಟರೆ ಅದು ತಾನಾಗಿ ಮೊದಲ ಮೆಟ್ಟಿಲು. ಇಷ್ಟು ವರ್ಷ ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರು ಯಾರು?"

ಸುಮನಾ ಬೆರಳು ಮಡಚತೊಡಗಿದಳು. ಡೊಂಬಿವಲಿ ಪೂರ್ವದ ಸಾಠೆ ಡಾಕ್ಟರು, ಪಶ್ಚಿಮದವರು, ಕಲ್ಯಾಣದವರು, ವಿಠ್ಠಲವಾಡಿಯವರು.

"ಇವರೆಲ್ಲ ನಿಮ್ಮ ಮಾಲೀಕರೇ?"

"ಯಾರೂ ಅಲ್ಲ."

"ಹಾಗಾದರೆ ಸಂಬಳದ ಚೀಟಿ?"

"ಇಲ್ಲ."

ನಾನು ಇನ್‌ಕಮ್ ಟ್ಯಾಕ್ಸ್ ಕಾಗದಗಳನ್ನು ಮುಂದೆ ತಳ್ಳಿದೆ. ಅದನ್ನು ವರ್ಷವರ್ಷವೂ ತುಂಬಿದವನು ನಾನೇ. ಮೋರಾ ಅವರು ಗೌರವದಿಂದ ಓದಿದರು. ದುಡ್ಡು ಬಂದದ್ದು ಇದರಲ್ಲಿದೆ, ಆದರೆ ವಾರಕ್ಕೆ ಎಷ್ಟು ಹೊತ್ತು, ಯಾರಲ್ಲಿ, ಯಾವ ಕೆಲಸ ಎಂಬುದು ಇಲ್ಲ ಎಂದರು. ನಂತರ ತುಂಬ ಮೆತ್ತಗೆ, ಬೇಜಾರು ಮಾಡಿಕೊಳ್ಳಬೇಡಿ ಎಂಬ ದನಿಯಲ್ಲಿ: "ಅಂದರೆ ನಮ್ಮ ಲೆಕ್ಕದಲ್ಲಿ, ಈ ಇಪ್ಪತ್ತು ಚಿಲ್ಲರೆ ವರ್ಷ ನೀವು ಕೆಲಸದಲ್ಲಿರಲಿಲ್ಲ."

ಮೂವತ್ತು ವರ್ಷದಲ್ಲಿ ನಾನು ಎಷ್ಟು ಜನರಿಗೆ ಇದೇ ದನಿಯಲ್ಲಿ ಇದೇ ಮಾತು ಹೇಳಿರಬಹುದು. ಎದುರಿನ ಕುರ್ಚಿಯಲ್ಲಿ ಕೂತು ಕೇಳಿದ್ದು ಇದೇ ಮೊದಲು. ಸುಮನಾ ಪ್ರಮಾಣಪತ್ರದ ಎಣ್ಣೆಯ ಮೂಲೆಯನ್ನು ಹೆಬ್ಬೆರಳಿನಿಂದ ಸವರುತ್ತಿದ್ದಳು.

"ಪತ್ರ ತರಿಸಬಹುದಾ?" ಎಂದೆ. "ಆ ಡಾಕ್ಟರುಗಳಿಂದ?"

"ಖಂಡಿತ. ಶುಕ್ರವಾರದೊಳಗೆ. ನಾನು ಕೈಲಾದದ್ದು ಮಾಡುತ್ತೇನೆ."

ಕ್ಯಾಂಟೀನು, ಮತ್ತೆ

ನನಗೆ ಇವಳು ಈ ಕೆಲಸಕ್ಕೆ ಸೇರುವುದು ಬೇಕಾಗಿರಲಿಲ್ಲ. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ "ಕೆಲಸದಲ್ಲಿರಲಿಲ್ಲ" ಎಂಬುದು ತಲೆಗೆ ಏರಿತ್ತು. ಗಾಜಿನ ಕಿಟಕಿಯ ಪಕ್ಕ ಕೂತು ಒಬ್ಬೊಬ್ಬ ಸರ್ಜನ್ನಿಗೂ ಫೋನ್ ಹಚ್ಚಿದೆ. ಮೊದಲು ಸಾಠೆ.

"ಅಹೋ ರಾವ್! ಕಸೇ ಆಹಾತ? ಮ್ಯಾಡಮ್ ಕಧೀ ಯೇಣಾರ್, ಯಾವಾಗ ಬರ್ತಾರೆ? ಗುರುವಾರ ನನ್ನದೊಂದು ಹರ್ನಿಯಾ ಉಂಟು." ಸಾಠೆಯವರಿಗೆ ಇಷ್ಟು ಕನ್ನಡ ನಮ್ಮಿಂದಲೇ ಬಂದದ್ದು.

ವಿಷಯ ಹೇಳಿದೆ. ಆ ಕಡೆ ಅವರು ಯಾರಿಗೋ ಆಪರೇಶನ್ ಥಿಯೇಟರಿನ ಎಸಿ ಆರಿಸಲು ಹೇಳಿದರು.

"ಬಿಟ್ಟು ಹೋಗ್ತಾರಾ? ಪರ್ಮನೆಂಟ್? ಲೆಟರ್ ಕೊಡ್ತೇನೆ, ಏಕದಮ್ ಫಸ್ಟ್ ಕ್ಲಾಸ್ ಲೆಟರ್. ಆದರೆ ರಾವ್, ಮ್ಯಾಡಮ್‌ಗೆ ಹೇಳಿ, ಪೈಶಾಚಾ ವಿಷಯ ಅಸೇಲ್ ತರ್ ಬೋಲೂ ಯಾ, ದುಡ್ಡಿನದ್ದಾದರೆ ಮಾತಾಡುವ. ಒಂದು ಸಲ ಕೇಳ್ಬೇಕಿತ್ತಲ್ಲ!"

ಒಂದು ಸಲ ಕೇಳಬೇಕಿತ್ತು. ನಾನು ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದು ನೋಡಿದೆ, ಅದೇನೋ ಮಶೀನಿನ ದೋಷ ಎಂಬ ಹಾಗೆ. ಹೇಳಿದೆ, ಸುಮನಾಳಿಗೆ. ಅವಳು ಟೀ ಕಪ್ಪಿನೊಳಗೆ ನೋಡಿ, "ಹಾಗೆ ಹೇಳಿದರಾ?" ಎಂದಳು. ಅಷ್ಟೇ.

ಪತ್ರಗಳು ವಾಟ್ಸ್ಯಾಪಿನಲ್ಲಿ ಒಂದೊಂದೇ ಬಂದವು. ಕಲ್ಯಾಣದ ಒಂದು ನರ್ಸಿಂಗ್ ಹೋಮ್ ಇದ್ದ ಜಾಗದಲ್ಲಿ ಈಗ ಕೋಚಿಂಗ್ ಕ್ಲಾಸು. ಅಲ್ಲಿ ಕಳೆದ ವರ್ಷಗಳಿಗೆ ಸಾಕ್ಷಿಯಿಲ್ಲ. ಸಾಠೆಯವರದ್ದು ಎಲ್ಲಕ್ಕಿಂತ ಚೆಂದ. ಲೆಟರ್‌ಹೆಡ್, ದುಂಡು ಅಕ್ಷರ, ನೀಲಿ ಮೊಹರು. ಅದರ ಕೊನೆಯ ಸಾಲಿನಲ್ಲಿ ಅವರು ನಮ್ಮ ಕಡೆ ಒಬ್ಬ ಡಾಕ್ಟರಿಗೆ ಕೊಡಬಹುದಾದ ಅತಿ ದೊಡ್ಡ ಬಿರುದು ಕೊಟ್ಟಿದ್ದರು: "ಇವರು ನಾವು ಕರೆದಾಗಲೆಲ್ಲ ಬರುತ್ತಾರೆ."

ಮೋರಾ ಅವರು ಶುಕ್ರವಾರ ಅದನ್ನು ಎರಡು ಸಲ ಓದಿದರು. "ಕರೆದಾಗಲೆಲ್ಲ ಎಂದರೆ ವಾರಕ್ಕೆ ಎಷ್ಟು ಗಂಟೆ?" ಗಂಟೆಯ ಲೆಕ್ಕ ನಾವಿಬ್ಬರೂ ಇಟ್ಟಿರಲಿಲ್ಲ. ಮಗಳ ಹುಟ್ಟುಹಬ್ಬಗಳಲ್ಲಿ ಎಷ್ಟು, ದೀಪಾವಳಿಗಳಲ್ಲಿ ಎಷ್ಟು ಎಂದು ಕೇಳಿದ್ದರೆ ಹೇಳಬಹುದಿತ್ತು. ಅವರು ಮೇಲಿನವರ ಹತ್ತಿರ ಹೋಗಿ ಬಂದರು. ಬಾಗಿಲು ತೆರೆದ ರೀತಿಯಲ್ಲೇ ನನಗೆ ತಿಳಿಯಿತು. ನಾನೂ ಹಾಗೇ ತೆರೆಯುತ್ತೇನೆ.

"ನನಗೆ ನಿಜವಾಗಿ ಬೇಸರವಿದೆ. ಮೊದಲ ಮೆಟ್ಟಿಲು."

ಕಡಲ ದಂಡೆ

ಬಸ್ಸಿಗೆ ಕಾಯದೆ ನಡೆದುಕೊಂಡೇ ಹೊರಟೆವು. ಅಲ್ಲಿನ ಸಮುದ್ರ ನಮ್ಮ ಮಲ್ಪೆಯ ಹಾಗೆ ಮೈಮೇಲೆ ಬೀಳುವುದಿಲ್ಲ, ದೂರ ನಿಂತು ಮಾತಾಡುತ್ತದೆ. ಕಲ್ಲಿನ ಕಟ್ಟೆಯ ಮೇಲೆ ಕೂತೆವು. ಚಳಿಗಾಳಿ. ನಾನು ಮಂಕಿಕ್ಯಾಪು ಹಾಕಿಕೊಂಡೆ, ಬೇಸಿಗೆಯ ಅಂಗಿಯಲ್ಲಿ ಓಡುತ್ತಿದ್ದ ಒಬ್ಬ ಅಜ್ಜ ನನ್ನನ್ನು ನೋಡಿ ಕಾಳಜಿಯಿಂದ "ಆರೋಗ್ಯವಾಗಿದ್ದೀರಾ?" ಎಂದು ಕೇಳಿಹೋದರು.

ನಾನು ತಯಾರು ಮಾಡಿಕೊಂಡಿದ್ದ ಸಮಾಧಾನದ ಮಾತುಗಳೆಲ್ಲ ಇದ್ದವು. ಹೋಗಲಿ ಬಿಡು, ನಮ್ಮ ಬೆಲೆ ನಮಗೆ ಗೊತ್ತು, ಸಾಠೆಯವರೂ ಮಾತಾಡುವ ಎಂದಿದ್ದಾರೆ, ಮೂವತ್ತರ ಹುಡುಗರ ಸಾಲಿನಲ್ಲಿ ಎಂತಕ್ಕೆ? ಒಳಗೊಳಗೆ ಡೊಂಬಿವಲಿಯ ನಮ್ಮ ಅಡುಗೆಮನೆಯ ಕಿಟಕಿ, ಬೆಳಗಿನ ಗಾಡಿಯ ನನ್ನ ಜಾಗ, ಎಲ್ಲ ವಾಪಸು ಬಂದು ಕೂತಿದ್ದವು. ಆ ವೀಸಾ ಕಾಗದ ಓದಿದ ಮೇಲೆ ಮೊದಲ ಸಲ ಸರಿಯಾಗಿ ಹಸಿವಾಯಿತು.

"ನಾನು ಹೂಂ ಅಂತ ಹೇಳಿ ಬಂದೆ," ಎಂದಳು ಸುಮನಾ.

"ಎಂತಕ್ಕೆ ಹೂಂ?"

"ನೀವು ಹೊರಗೆ ಮಂಕಿಕ್ಯಾಪು ಹುಡುಕ್ತಾ ಇದ್ದಿರಲ್ಲ, ಆಗ ಮೋರಾ ಕೇಳಿದರು, ಯೋಚನೆ ಮಾಡಿ ಹೇಳ್ತೀರಾ ಅಂತ. ಯೋಚನೆ ಆಗಿದೆ ಅಂದೆ."

"ಮೊದಲ ಮೆಟ್ಟಿಲಿಗಾ? ನೀನು? ಕೆಳಗಿನದ್ದು ಅದು ಮಾರಾಯ್ತಿ!"

ಅವಳು ಚಪ್ಪಲಿಯಿಂದ ಮರಳು ಕೊಡವಿದಳು. "ಕೆಳಗಿನದ್ದಾದರೂ ಮೆಟ್ಟಿಲಲ್ವಾ? ಇಷ್ಟು ವರ್ಷ ನಾನು ನಿಂತದ್ದು ನೆಲದ ಮೇಲೆ."

ನಾನು ಮಂಕಿಕ್ಯಾಪನ್ನು ಇನ್ನಷ್ಟು ಕೆಳಗೆ ಎಳೆದುಕೊಂಡೆ. ಹಿಂದೆ ಬರುವಾಗ ಬಸ್ಸು ಹತ್ತಿದೆವು. ಇಳಿಯುವಾಗ ಸುಮನಾ ಡ್ರೈವರಿಗೆ ಥ್ಯಾಂಕ್ಸ್ ಹೇಳಿದಳು. ಗಾಬರಿಯಲ್ಲಿ ನಾನು ಮರೆತೆ.

ಮತ್ತೆ ಡೊಂಬಿವಲಿ ಪೂರ್ವ

ಮಳೆ ಶುರುವಾಗಿತ್ತು. ಗಾಡಿಗಳು ತಡ, ಸೊಸೈಟಿಯ ನೆಲಮಾಳಿಗೆಯಲ್ಲಿ ನೀರು, ಎಲ್ಲವೂ ಬಿಟ್ಟಲ್ಲೇ ಇತ್ತು. ಮನೆಗೆ ಬಂದು ರಿಕ್ಷಾದ ಹುಡುಗನಿಗೆ ದುಡ್ಡು ಕೊಟ್ಟು "ಥ್ಯಾಂಕ್ಯೂ" ಎಂದೆ. ಅವನು ನೋಟನ್ನು ಬೆಳಕಿಗೆ ಹಿಡಿದು ನೋಡಿದ.

ಅಲ್ಲಿಂದ ಕಾಗದ ಬರಲು, ವೀಸಾ ಆಗಲು ಇನ್ನೂ ಸಮಯವಿತ್ತು. ಅಷ್ಟರ ತನಕ ಇವಳು ಕೇಸಿಗೆ ಹೋಗುವುದು ನಿಲ್ಲಿಸಲಿಲ್ಲ. ಆ ವಾರವೇ ಸಾಠೆಯವರ ಫೋನು ಬಂತು. ಅವಳಿಗೆ ಮೊಣಕಾಲು ನೋವೆಂದು ನಾನೇ ಸ್ಕೂಟರಿನಲ್ಲಿ ಬಿಟ್ಟು, ರಿಸೆಪ್ಶನ್ನಿನ ಬೆಂಚಿನಲ್ಲಿ ಕಾದೆ. ಕೇಸು ಮುಗಿಯಿತು. ಸಾಠೆ ಹೊರಗೆ ಬಂದರು, ಹಿಂದೆ ಸುಮನಾ. ಸಾಠೆಯವರ ಕೈಯಲ್ಲಿ ಅಂಟು ಹಚ್ಚಿದ ಲಕೋಟೆ.

"ಮ್ಯಾಡಮ್, ಕಿತೀ?"

ನಾನು "ತುಮ್ಹೀಚ್ ಬಘಾ"ಗೆ ಕಾಯುತ್ತಿದ್ದೆ. ಗೋಡೆಯ ಗಡಿಯಾರವೂ ಕಾಯುತ್ತಿತ್ತು ಎನಿಸಿತು.

ಸುಮನಾ ಒಂದು ಅಂಕಿ ಹೇಳಿದಳು. ಜೋರಾಗಿ ಅಲ್ಲ, ತರಕಾರಿಯವನಿಗೆ ಕೊತ್ತಂಬರಿ ಎಷ್ಟು ಕಟ್ಟು ಬೇಕು ಎಂದು ಹೇಳುವ ಹಾಗೆ. ನಾನು ಬೆಂಚಿನಿಂದ ಅರ್ಧ ಎದ್ದೆ. ಸಾಠೆ ಅವಳ ಮುಖ ನೋಡಿದರು, ಲಕೋಟೆ ನೋಡಿದರು, ಏನು ಮಾಡುವುದೆಂದು ತೋಚದೆ ನನ್ನನ್ನೂ ನೋಡಿದರು. ಆಮೇಲೆ ಅಂಟು ಬಿಚ್ಚಿ, ಅಂಗಿಯ ಜೇಬಿಗೆ ಕೈ ಹಾಕಿ, ಇನ್ನಷ್ಟು ನೋಟು ಒಳಗೆ ತುರುಕಿ ಕೊಟ್ಟರು.

"ಫಾರಿನ್ ರಿಟರ್ನ್ ಝಾಲ್ಯಾ ಮ್ಯಾಡಮ್," ಫಾರಿನ್ ರಿಟರ್ನ್ ಆಗಿಬಿಟ್ಟರು ಎಂದು ನಕ್ಕರು. ಸಿಟ್ಟಿರಲಿಲ್ಲ. "ಬುಧವಾರ ಒಂದು ಸಿಜೇರಿಯನ್ ಇದೆ, ಯಾಲ್ ನಾ?"

ಬರ್ತೀರಲ್ಲ? ಅಷ್ಟೇ. ಇಪ್ಪತ್ತು ಚಿಲ್ಲರೆ ವರ್ಷ ಹೆದರಿದ್ದು ಇದಕ್ಕೆ.

ಸ್ಕೂಟರಿನಲ್ಲಿ, ಹೊಂಡ ತಪ್ಪಿಸುತ್ತ, ನಾನು ಬಹಳ ಹೊತ್ತು ಹಿಡಿದಿಟ್ಟ ಪ್ರಶ್ನೆ ಕೇಳಿದೆ. "ಹಾಗಾದರೆ ಇನ್ನು ಅಲ್ಲಿಗೆ ಎಂತಕ್ಕೆ ಹೋಗುವುದು? ಇಲ್ಲೇ ಕೇಳಿದರೆ ಕೊಡ್ತಾರಲ್ಲ!"

"ಕೇಸು ಕೇಸಿಗೂ ಕೇಳ್ಬೇಕಲ್ಲ ಮಾರಾಯ್ರೆ," ಎಂದಳು ನನ್ನ ಬೆನ್ನ ಹಿಂದಿನಿಂದ. "ಬುಧವಾರ ಕೇಳ್ಬೇಕು, ಶುಕ್ರವಾರ ಕೇಳ್ಬೇಕು. ನನಗೆ ಕೇಳದೆ ಬರುವಂಥದ್ದು ಬೇಕು. ಕೇಳಲಿಕ್ಕೆ ಬರ್ತದೆ ಅಂತ ಗೊತ್ತಾಯ್ತಲ್ಲ, ಇನ್ನು ಅಲ್ಲಿ ಕೆಳಗಿನ ಮೆಟ್ಟಿಲಲ್ಲಿ ನಿಂತರೂ ಸಣ್ಣವಳಾದ ಹಾಗೆ ಆಗುವುದಿಲ್ಲ."

ಸ್ವಲ್ಪ ದೂರ ಹೋದ ಮೇಲೆ ಅವಳೇ ಹೇಳಿದಳು, "ನೀವು ಚಿಂತೆ ಮಾಡ್ಬೇಡಿ. ಮೋರಾ ಮುಂದಿನ ವರ್ಷ ರಿಟೈರ್ ಆಗ್ತಾರಂತೆ, ಆ ಕುರ್ಚಿ ಖಾಲಿಯಾಗ್ತದೆ."

ಇದು ತಮಾಷೆಯೋ ನಿಜವೋ ಎಂದು ನಾನಿನ್ನೂ ಚಿಂತೆ ಮಾಡುತ್ತಿದ್ದೇನೆ.

ಈಗ ಪೆಟ್ಟಿಗೆಗಳು ಮತ್ತೆ ಹಾಸಿಗೆಯ ಮೇಲೆ ಬಂದಿವೆ. ಊರಿಂದ ಅತ್ತಿಗೆ ಹೊಸ ಮಿಡಿ ಕಳಿಸಿದ್ದಾಳೆ. ಮೋರಾ ಅವರಿಗೂ ಒಂದು ಬಾಟಲಿ ಎಂದು ಸುಮನಾ ಬೇರೆ ತೆಗೆದಿಟ್ಟಿದ್ದಾಳೆ. ಈ ಸಲ ಉಪ್ಪಿನಕಾಯಿಯನ್ನು ನನ್ನ ಪೆಟ್ಟಿಗೆಯಲ್ಲೇ ಇಟ್ಟಿದ್ದೇನೆ. ಅದರಲ್ಲಿ ಎಣ್ಣೆ ತಾಗಿ ಹಾಳಾಗುವಂಥ ಪ್ರಮಾಣಪತ್ರ ಯಾವುದೂ ಇಲ್ಲ.